ಆಲ್ಬುಮಿನ್ ಇಳಿದರೆ ಊಟವನ್ನೇ ಬೈಯಬೇಡಿ

ರಕ್ತದ ಕ್ಯಾನ್ಸರ್ ರೋಗಿಗಳ ಮನೆಯವರು ಫೈಲು ಹಿಡಿದು ಬಂದಾಗ ಮೊದಲು ಬೆರಳಿಟ್ಟು ತೋರಿಸುವ ಸಾಲು ಆಲ್ಬುಮಿನ್. ರಕ್ತದಲ್ಲಿರುವ ಒಂದು ಪ್ರೋಟೀನ್ ಅದು. ಪಕ್ಕದಲ್ಲಿ 2.6 ಅಂತ ಇರುತ್ತದೆ. ಲ್ಯಾಬಿನವರು ಅದನ್ನು ದಪ್ಪ ಅಕ್ಷರದಲ್ಲಿ ಹಾಕಿರುತ್ತಾರೆ. "ಡಾಕ್ಟ್ರೇ, ದಿನಾ ನಾಲ್ಕು ಮೊಟ್ಟೆ ಬಿಳಿ ಕೊಡ್ತಿದ್ದೀವಿ. ಪ್ರೋಟೀನ್ ಪೌಡರೂ ಶುರು ಮಾಡಿದ್ವಿ. ಆದ್ರೂ ಇದು ಏರ್ತಾನೇ ಇಲ್ವಲ್ಲ?" ಅಂತ ಕೇಳುತ್ತಾರೆ. ತಾನು ಸರಿಯಾಗಿ ಉಣಿಸಲಿಲ್ಲವೇನೋ ಎಂಬ ಅಳುಕು ಆ ದನಿಯಲ್ಲಿ ಗೊತ್ತಾಗುತ್ತದೆ. ಪಕ್ಕದ ಹಾಸಿಗೆಯವರು ಬೇರೆ "ಇವರಿಗೆ ಏನೂ ಕೊಡಲ್ವಾ ನೀವು?" ಅಂದಿರುತ್ತಾರೆ.

ಹಾಗಾಗಿ ಇಲ್ಲಿ ಕೂತಿರುವ ರೋಗಿಗಳ ಮನೆಯವರಿಗೂ ವಿದ್ಯಾರ್ಥಿಗಳಿಗೂ ಮೊದಲೇ ಹೇಳಿಬಿಡುತ್ತೇನೆ. ಆ 2.6ನ್ನು ನೋಡಿ ಅಡುಗೆಮನೆಯ ಮೇಲೆ ತಪ್ಪು ಹೊರಿಸಬೇಡಿ. ರೋಗಿಯ ಮೈಯಲ್ಲಿ ಎಷ್ಟು ಉರಿಯೂತ, ಅಂದರೆ ಸೋಂಕಿಗೋ ಕಾಯಿಲೆಗೋ ಮೈ ಕೊಡುವ ಪ್ರತಿಕ್ರಿಯೆ, ನಡೆಯುತ್ತಿದೆ ಅನ್ನುವುದನ್ನು ಆ ಅಂಕಿ ಹೇಳುತ್ತದೆ. ತಟ್ಟೆಯಲ್ಲಿ ಏನಿತ್ತು ಅನ್ನುವುದರ ಬಗ್ಗೆ ಅದು ಹೇಳುವುದು ತೀರಾ ಕಡಿಮೆ.

ಆಲ್ಬುಮಿನ್ ತಯಾರಾಗುವುದು ಲಿವರಿನಲ್ಲಿ. ಆರೋಗ್ಯವಂತರ ಲಿವರ್ ದಿನಕ್ಕೆ ಸುಮಾರು 10ರಿಂದ 15 ಗ್ರಾಂ ಮಾಡುತ್ತದೆ. ಹೀಗೆ ರಕ್ತಕ್ಕೆ ಬಂದದ್ದರಲ್ಲಿ ಅರ್ಧ ಕರಗಲು ಹೆಚ್ಚುಕಡಿಮೆ 20 ದಿನ ಬೇಕು. ಎರಡು ದಿನ ಊಟ ಬಿಟ್ಟ ಮಾತ್ರಕ್ಕೆ ಅದು ಇಳಿಯುವುದಿಲ್ಲ. ಆದರೆ ಕೀಮೋ ಆಗಿ, ಬಿಳಿ ರಕ್ತಕಣ ತಳ ಮುಟ್ಟಿ, ಚಳಿಜ್ವರ ಬಂತು ಅನ್ನಿ. ಒಂದೆರಡು ದಿನದಲ್ಲೇ 3.4 ಇದ್ದದ್ದು 2.7ಕ್ಕೆ ಬರಬಹುದು. ಊಟದ ಲೆಕ್ಕದಲ್ಲಿ ಇಷ್ಟು ಬೇಗ ಇಳಿಯಲು ಸಾಧ್ಯವೇ ಇಲ್ಲ, ಅಲ್ವಾ?

ಏನಾಗುತ್ತದೆ ಅಂದರೆ, ಸೋಂಕಿಗೋ ಕ್ಯಾನ್ಸರಿಗೋ ಎಚ್ಚೆತ್ತ ಜೀವಕೋಶಗಳು ಐಎಲ್-6 ಎಂಬ ಸಂದೇಶದ ಪ್ರೋಟೀನನ್ನು ರಕ್ತಕ್ಕೆ ಬಿಡುತ್ತವೆ. ಅದು ಲಿವರಿಗೆ ತಲುಪಿದ ಕೂಡಲೇ ಅಲ್ಲಿನ ಕೆಲಸದ ಪಟ್ಟಿ ಬದಲಾಗುತ್ತದೆ. ಮನೆಯಲ್ಲಿ ಮದುವೆ ಇಟ್ಟುಕೊಂಡಾಗ ದಿನನಿತ್ಯದ ಅಡುಗೆಯನ್ನು ಯಾರೂ ಕೇಳುವುದಿಲ್ಲವಲ್ಲ, ಹಾಗೆ. ಸಿಆರ್‌ಪಿ, ಫೆರಿಟಿನ್, ಫೈಬ್ರಿನೋಜೆನ್ ಎಂಬ ಬೇರೆ ಪ್ರೋಟೀನುಗಳೆಲ್ಲ ಭರ್ಜರಿಯಾಗಿ ತಯಾರಾಗುತ್ತವೆ. ಆಲ್ಬುಮಿನ್ ಕೆಲಸ ಹಿಂದೆ ಬೀಳುತ್ತದೆ. ಇದರ ಜೊತೆಗೆ ಸಣ್ಣ ರಕ್ತನಾಳಗಳ ಗೋಡೆ ಸಡಿಲವಾಗಿ, ಇದ್ದ ಆಲ್ಬುಮಿನ್ ಕೂಡ ಹೊರಗೆ ಸೋರುತ್ತದೆ. ಮೇಲಿಂದ ನಾವು ಡ್ರಿಪ್ ಹಾಕಿ ರಕ್ತವನ್ನು ಇನ್ನಷ್ಟು ತೆಳು ಮಾಡಿರುತ್ತೇವೆ.

ಸಿಆರ್‌ಪಿ ಹೊಸದೇನಲ್ಲ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬ ಇಬ್ಬರು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು ಕಂಡರು. ಆಲ್ಬುಮಿನ್‌ಗೆ ಹೋಲಿಸಿದರೆ ಇದು ಬಹಳ ಚುರುಕು. ಅರ್ಧ ಕರಗಲು ಸುಮಾರು 19 ಗಂಟೆ ಸಾಕು. ಹಾಗಾಗಿ ಇವತ್ತಿನ ಉರಿಯೂತವನ್ನು ಬಹುಮಟ್ಟಿಗೆ ಇವತ್ತೇ ತೋರಿಸುತ್ತದೆ. ಆಲ್ಬುಮಿನ್ ನೋಡುವಾಗ ಸಿಆರ್‌ಪಿಯನ್ನೂ ಪಕ್ಕದಲ್ಲಿಟ್ಟು ನೋಡಿ ಅಂತ ನಾನು ಕಿರಿಯ ಡಾಕ್ಟರುಗಳಿಗೆ ಹೇಳುತ್ತಲೇ ಇರುತ್ತೇನೆ. ಕ್ಯಾನ್ಸರ್ ರೋಗಿಗಳ ಉರಿಯೂತ ಅಳೆಯಲು ಗ್ಲಾಸ್ಗೋ ಸ್ಕೋರ್ ಅಂತ ಒಂದಿದೆ. ಅದು ಮಾಡುವುದೂ ಇಷ್ಟೇ. ಸಿಆರ್‌ಪಿ ಲೀಟರಿಗೆ 10 ಮಿಲಿಗ್ರಾಂ ದಾಟಿದೆಯಾ, ಆಲ್ಬುಮಿನ್ 3.5ಕ್ಕಿಂತ ಕೆಳಗಿದೆಯಾ, ಎರಡೇ ಪ್ರಶ್ನೆ.

"ಊಟ ಮಾಡದಿದ್ದರೆ ಆಲ್ಬುಮಿನ್ ಇಳಿಯಲೇಬೇಕಲ್ಲ?" ಅಂತ ಯಾರೋ ಹಿಂದಿನ ಸಾಲಿನಿಂದ ಕೇಳಿದರು. ಒಳ್ಳೆಯ ಪ್ರಶ್ನೆ. ಅನೊರೆಕ್ಸಿಯಾ ನರ್ವೋಸಾ ಅಂತ ಒಂದು ಮಾನಸಿಕ ಕಾಯಿಲೆ ಇದೆ. ಆ ಹುಡುಗಿಯರು ಊಟವನ್ನೇ ದೂರ ಇಟ್ಟು ಮೂಳೆ ಚಕ್ಕಳ ಆಗಿರುತ್ತಾರೆ. ಅವರಲ್ಲಿ ಬಹುಪಾಲು ಮಂದಿಯ ಆಲ್ಬುಮಿನ್ ಸರಿಯಾಗೇ ಇರುತ್ತದೆ. ಉರಿಯೂತ ಇಲ್ಲದ ಬರೀ ಹಸಿವಿಗೆ ಲಿವರ್ ಅಷ್ಟು ಬೇಗ ಕೈ ಬಿಡುವುದಿಲ್ಲ. ಆಸ್ಪತ್ರೆ ರೋಗಿಗಳ ಪೋಷಣೆಯ ಬಗ್ಗೆ ಕೆಲಸ ಮಾಡುವ ಅಮೆರಿಕದ ಆಸ್ಪೆನ್ ಎಂಬ ತಜ್ಞರ ಸಂಘ 2020ರಲ್ಲಿ ಖಡಾಖಂಡಿತವಾಗಿ ಹೇಳಿತು: ಆಲ್ಬುಮಿನ್ ಮತ್ತು ಲಿವರೇ ಮಾಡುವ ಇನ್ನೊಂದು ಪ್ರೋಟೀನ್ ಪ್ರಿಆಲ್ಬುಮಿನ್ ಉರಿಯೂತದ ಗುರುತುಗಳು, ಅವುಗಳನ್ನು ಪೋಷಣೆಯ ಅಳತೆಗೋಲಾಗಿ ಬಳಸಬೇಡಿ ಅಂತ.

ಇದಕ್ಕಿಂತ ಚಂದದ ಸಾಕ್ಷಿ ಇನ್ನೊಂದಿದೆ. ಕ್ಯಾಸಲ್‌ಮನ್ ಕಾಯಿಲೆ ಅಂತ. ಕ್ಯಾನ್ಸರ್ ಅಲ್ಲ, ಆದರೆ ನಮ್ಮ ವಿಭಾಗದಲ್ಲೇ ನೋಡುವ ಅಪರೂಪದ ಕಾಯಿಲೆ. ದುಗ್ಧಗ್ರಂಥಿಗಳು ಊದಿಕೊಳ್ಳುತ್ತವೆ. ಐಎಲ್-6 ವಿಪರೀತ ತಯಾರಾಗುತ್ತದೆ. ರೋಗಿಗೆ ಜ್ವರ, ಸುಸ್ತು, ರಕ್ತಹೀನತೆ. ತೂಕ ಇಳಿಯುತ್ತದೆ, ಆಲ್ಬುಮಿನ್ ಕಡಿಮೆ, ಸಿಆರ್‌ಪಿ ಜಾಸ್ತಿ. ನೋಡಿದವರು ಉಪವಾಸ ಬಿದ್ದವರು ಅಂದುಕೊಳ್ಳಬೇಕು, ಹಾಗಿರುತ್ತಾರೆ. ಜಪಾನಿನ ವೈದ್ಯರು ಇಂಥವರಿಗೆ ಐಎಲ್-6ರ ದಾರಿ ಮುಚ್ಚುವ ಟಾಸಿಲಿಜುಮ್ಯಾಬ್ ಔಷಧ ಕೊಟ್ಟು 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಿಆರ್‌ಪಿ ಇಳಿಯಿತು, ಆಲ್ಬುಮಿನ್ ಏರಿತು, ಹಿಮೋಗ್ಲೋಬಿನ್ ಏರಿತು, ಸೊರಗಿದವರ ಮೈ ತುಂಬಿಕೊಂಡಿತು. ಇದೆಲ್ಲ ಆ ಒಂದು ಔಷಧದಿಂದ.

ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳುತ್ತೇನೆ. ರೋಗಿಯದೇ ಬಿಳಿ ರಕ್ತಕಣಗಳನ್ನು ಲ್ಯಾಬಿನಲ್ಲಿ ಬದಲಿಸಿ ಕ್ಯಾನ್ಸರಿನ ಮೇಲೆ ಬಿಡುವ ಕಾರ್-ಟಿ ಚಿಕಿತ್ಸೆ ಈಗ ನಮ್ಮ ದೇಶದಲ್ಲೂ ಸಿಗುತ್ತಿದೆ. ಇಲ್ಲೇ ತಯಾರಾದ ಮೊದಲ ಕಾರ್-ಟಿಗೆ 2023ರಲ್ಲಿ ಒಪ್ಪಿಗೆ ಸಿಕ್ಕಿತು. ಆ ಚಿಕಿತ್ಸೆಯಲ್ಲಿ ಉರಿಯೂತ ಕೈಮೀರಿದರೆ ಇದೇ ಟಾಸಿಲಿಜುಮ್ಯಾಬ್ ಕೊಡುತ್ತೇವೆ. ಕೊಟ್ಟ ಮೇಲೆ ಸಿಆರ್‌ಪಿ ತಳ ಸೇರುತ್ತದೆ, ಸೋಂಕು ಇದ್ದರೂ ಏಳುವುದಿಲ್ಲ. ಹಾಗಾಗಿ ಆಗ ಸಿಆರ್‌ಪಿ ಚೆನ್ನಾಗಿದೆ ಅಂತ ಖುಷಿಪಡುವ ಹಾಗಿಲ್ಲ.

ಆಲ್ಬುಮಿನ್ ಊಟದ ಗುರುತಲ್ಲ ಅಂದ ಮಾತ್ರಕ್ಕೆ ಅದು ಬೇಡದ ಅಂಕಿ ಅಂತಲ್ಲ. ಮೈಲೋಮಾ ಎಂಬ ಮೂಳೆ ಮಜ್ಜೆಯ ಕ್ಯಾನ್ಸರ್ ಯಾವ ಹಂತದಲ್ಲಿದೆ ಅಂತ ಹೇಳಲು 2005ರಿಂದ ಬಳಸುವ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಎರಡೇ ರಕ್ತ ಪರೀಕ್ಷೆ ಇವೆ. ಅದರಲ್ಲಿ ಒಂದು ಆಲ್ಬುಮಿನ್, 3.5ರ ಗೆರೆ. ಹಾಜ್‌ಕಿನ್ ಲಿಂಫೋಮಾ ಎಂಬ ದುಗ್ಧಗ್ರಂಥಿಯ ಕ್ಯಾನ್ಸರಿನಲ್ಲಿ 1998ರಲ್ಲಿ ಬಂದ ಏಳು ಅಂಶಗಳ ಸ್ಕೋರಿನಲ್ಲೂ ಆಲ್ಬುಮಿನ್ 4ಕ್ಕಿಂತ ಕಡಿಮೆ ಇದ್ದರೆ ಅಪಾಯದ ಒಂದು ಅಂಕ. ಮೈಲೋಮಾದ ಕೋಶಗಳು ಬೆಳೆಯುವುದಕ್ಕೇ ಐಎಲ್-6 ಬೇಕು. 1986ರಲ್ಲಿ ಒಸಾಕಾದ ಹಿರಾನೊ, ಕಿಶಿಮೊಟೊ ತಂಡ ಅದರ ಜೀನ್ ಹಿಡಿಯಿತು. ಎರಡೇ ವರ್ಷದಲ್ಲಿ ಮೈಲೋಮಾದ ನಂಟೂ ಗೊತ್ತಾಯಿತು. ಕಾಯಿಲೆ ಜೋರಾದಷ್ಟೂ ಐಎಲ್-6 ಜಾಸ್ತಿ, ಆಲ್ಬುಮಿನ್ ಕಡಿಮೆ. ಅದಕ್ಕೇ ಅದು ಆ ಪಟ್ಟಿಯಲ್ಲಿ ಕೂತಿದೆ.

ಇಲ್ಲೊಂದು ಮೈಲೋಮಾ ರಿಪೋರ್ಟ್ ಬೋರ್ಡಿನ ಮೇಲೆ ಬರೆಯುತ್ತೇನೆ. ನಾನೇ ಕಟ್ಟಿದ ಉದಾಹರಣೆ, ಯಾರದ್ದೂ ಅಲ್ಲ. ವಯಸ್ಸು 62, ಬೆನ್ನು ನೋವು, ಸುಸ್ತು. ಟೋಟಲ್ ಪ್ರೋಟೀನ್ 10.4, ಆಲ್ಬುಮಿನ್ 2.8. "ಟೋಟಲ್ ಪ್ರೋಟೀನ್ ಇಷ್ಟೊಂದಿದೆ, ಇನ್ನು ಬೇಳೆ ತಿನ್ನೋದು ಬಿಡಿ" ಅಂತ ಮನೆಯಲ್ಲೇ ತೀರ್ಮಾನ ಮಾಡುವವರಿದ್ದಾರೆ. 10.4ರಲ್ಲಿ 2.8 ಕಳೆಯಿರಿ. ಉಳಿದದ್ದು 7.6. ಅಷ್ಟೂ ಗ್ಲಾಬ್ಯುಲಿನ್ ಎಂಬ ಇನ್ನೊಂದು ಬಗೆಯ ಪ್ರೋಟೀನ್, ಅದರಲ್ಲಿ ಬಹುಪಾಲು ಮೈಲೋಮಾ ಕೋಶಗಳು ತಯಾರಿಸಿದ ಕೆಲಸಕ್ಕೆ ಬಾರದ ಪ್ರೋಟೀನ್. ಬೇಳೆಗೂ ಅದಕ್ಕೂ ಸಂಬಂಧ ಇಲ್ಲ. ಇವರ ಸ್ನಾಯು ಕರಗುತ್ತಿರುತ್ತದೆ, ಬೇಳೆ ಇನ್ನೂ ಜಾಸ್ತಿ ಬೇಕು. ಕಿಡ್ನಿ ಕೆಟ್ಟಿದ್ದರೆ ಎಷ್ಟು ಅನ್ನುವುದನ್ನು ಮಾತ್ರ ಡಾಕ್ಟರನ್ನು ಕೇಳಿಕೊಳ್ಳಿ.

ಮಕ್ಕಳ ಲ್ಯುಕೇಮಿಯಾದಲ್ಲಿ, ಅಂದರೆ ಬಿಳಿ ರಕ್ತಕಣಗಳ ಕ್ಯಾನ್ಸರಿನಲ್ಲಿ, ಇನ್ನೊಂದು ಗೊಂದಲ. ಎಎಲ್‌ಎಲ್ ಎಂಬ ಲ್ಯುಕೇಮಿಯಾ ಬಂದ ಮಕ್ಕಳಿಗೆ ಆಸ್ಪರಾಜಿನೇಸ್ ಇಂಜೆಕ್ಷನ್ ಕೊಡುತ್ತೇವೆ. ಅದು ಆಸ್ಪರಜಿನ್ ಎಂಬ ಅಮೈನೋ ಆಮ್ಲವನ್ನು ರಕ್ತದಿಂದ ಖಾಲಿ ಮಾಡುತ್ತದೆ. ಕ್ಯಾನ್ಸರ್ ಕೋಶ ಸಾಯುವುದು ಅದರಿಂದಲೇ. ಆದರೆ ಲಿವರಿಗೂ ಪ್ರೋಟೀನ್ ಕಟ್ಟಲು ಸಾಮಾನು ಸಾಲದೆ ಆಲ್ಬುಮಿನ್ ಇಳಿಯುತ್ತದೆ. ಮಗು ಚೆನ್ನಾಗಿ ತಿನ್ನುತ್ತಿದ್ದರೂ ಇಳಿಯುತ್ತದೆ. ಔಷಧದ ಸುತ್ತು ಮುಗಿದ ಮೇಲೆ ತಾನಾಗಿ ಏರುತ್ತದೆ. ತಾಯಂದಿರು ಸುಮ್ನೆ ಕೊರಗುವುದು ಬೇಡ.

ಉರಿಯೂತ ಮೈಯನ್ನೂ ಹೇಗೆ ಕರಗಿಸುತ್ತದೆ ಅಂತ ತಿಳಿಯಲು ಸ್ವಲ್ಪ ಹಳೆಯ ಕಥೆಗೆ ಹೋಗೋಣ. ವಿಷಯಾಂತರ ಅನಿಸಬಹುದು, ಆದರೆ ನನಗೆ ಇಷ್ಟವಾದ ಕಥೆ. ಆಫ್ರಿಕಾದಲ್ಲಿ ಟ್ರಿಪನೊಸೋಮಾ ಎಂಬ ಪರೋಪಜೀವಿ ತಗುಲಿದ ದನಗಳು ಸೊರಗಿ ಸೊರಗಿ ಸಾಯುತ್ತಿದ್ದವು. ವಿಚಿತ್ರ ಏನೆಂದರೆ ಅವುಗಳ ಮೈಯಲ್ಲಿ ಹುಡುಕಿದರೆ ಪರೋಪಜೀವಿಗಳು ಕೆಲವೇ ಕೆಲವು. ಅಷ್ಟು ಸಣ್ಣ ಜೀವಿ ಅಷ್ಟು ದೊಡ್ಡ ಹಸುವಿನ ಮೇವನ್ನೆಲ್ಲ ತಿಂದು ಮುಗಿಸಲು ಆಗುತ್ತದೆಯೇ? ರಾಕ್‌ಫೆಲರ್‌ನ ಆಂಥೊನಿ ಸೆರಾಮಿ ಮೊಲಗಳಲ್ಲಿ ಇದನ್ನೇ ನೋಡಿದರು. ಸೋಂಕಾದ ಮೊಲ ಬಡವಾಗುತ್ತಿತ್ತು, ಆದರೆ ರಕ್ತದಲ್ಲಿ ಕೊಬ್ಬು ತುಂಬಿರುತ್ತಿತ್ತು. ಕೊಬ್ಬನ್ನು ಒಳಗೆ ಸೇರಿಸಿಕೊಳ್ಳುವ ಕಿಣ್ವವನ್ನೇ ಯಾವುದೋ ಒಂದು ವಸ್ತು ತಡೆಯುತ್ತಿತ್ತು. ಅದನ್ನು ಅವರು ಕ್ಯಾಕೆಕ್ಟಿನ್ ಅಂತ ಕರೆದರು. 1985ರಲ್ಲಿ ಬ್ರೂಸ್ ಬಾಯ್ಟ್ಲರ್ ಜೊತೆ ಅದನ್ನು ಶುದ್ಧ ಮಾಡಿ ನೋಡಿದರೆ, ಅದೂ ಟಿಎನ್‌ಎಫ್ ಎಂಬುದೂ ಒಂದೇ! ಟಿಎನ್‌ಎಫ್ ಅಂತ ಹತ್ತು ವರ್ಷದ ಹಿಂದೆಯೇ, 1975ರಲ್ಲಿ, ಅದೇ ಊರಿನ ಇನ್ನೊಂದು ಸಂಸ್ಥೆಯವರು ಗೆಡ್ಡೆಗಳನ್ನು ಕೊಲ್ಲುವ ವಸ್ತು ಅಂತ ಹೆಸರಿಟ್ಟಿದ್ದರು. ಗೆಡ್ಡೆ ಕೊಲ್ಲುತ್ತದೆ ಅಂತ ಹುಡುಕಿದ್ದೂ, ಮೈ ಕರಗಿಸುತ್ತದೆ ಅಂತ ಹುಡುಕಿದ್ದೂ ಒಂದೇ ಪ್ರೋಟೀನ್.

ಹಾಗಾದರೆ ಟಿಎನ್‌ಎಫ್ ತಡೆದರೆ ಆಯಿತಲ್ಲ? ಎಲ್ಲರೂ ಹಾಗೇ ಅಂದುಕೊಂಡರು. ಕೀಲುವಾತಕ್ಕೆ ಕೊಡುವ ಇನ್‌ಫ್ಲಿಕ್ಸಿಮ್ಯಾಬ್, ಎಟನರ್ಸೆಪ್ಟ್ ಎರಡನ್ನೂ ಕ್ಯಾನ್ಸರಿನಿಂದ ಸೊರಗಿದವರಿಗೆ ಕೊಟ್ಟು ನೋಡಿದರು. ತೂಕ ಏರಲಿಲ್ಲ. ಒಂದು ಬಾಗಿಲು ಮುಚ್ಚಿದರೆ ಐಎಲ್-1, ಐಎಲ್-6ನಂಥ ಸಂದೇಶದ ಪ್ರೋಟೀನುಗಳು ಬೇರೆ ಬಾಗಿಲಿನಿಂದ ಬರುತ್ತವೆ. ಕ್ಯಾಸಲ್‌ಮನ್ ಕಾಯಿಲೆಯಲ್ಲಿ ದಾರಿ ಒಂದೇ ಆಗಿದ್ದಕ್ಕೆ ಅಲ್ಲಿ ಗೆಲುವು ಸಿಕ್ಕಿತು. ಕ್ಯಾನ್ಸರಿನಲ್ಲಿ ಅಷ್ಟು ಸುಲಭ ಇಲ್ಲ.

ಈಗ ಜೀನ್ ವಿಷಯಕ್ಕೆ ಬರುತ್ತೇನೆ. ಒಂದೇ ಲ್ಯುಕೇಮಿಯಾ, ಒಂದೇ ಕೀಮೋ, ಅಕ್ಕಪಕ್ಕದ ಹಾಸಿಗೆ. ಒಬ್ಬ ಹತ್ತು ಕಿಲೋ ಇಳಿಯುತ್ತಾನೆ, ಇನ್ನೊಬ್ಬ ಎರಡೇ ಕಿಲೋ. ಯಾಕೆ? ಹುಟ್ಟಿನಿಂದ ಬಂದ ಜೀನ್‌ಗಳಲ್ಲಿ ಸಣ್ಣ ಸಣ್ಣ ವ್ಯತ್ಯಾಸ ಇರುತ್ತವೆ. ಜೀನ್ ಅಂದರೆ ಎ, ಸಿ, ಜಿ, ಟಿ ಎಂಬ ನಾಲ್ಕು ಅಕ್ಷರಗಳ ಬರಹ ಅನ್ನಿ. ಟಿಎನ್‌ಎಫ್ ಜೀನ್ ಶುರುವಾಗುವ ಮುನ್ನ, 308 ಅಕ್ಷರ ಹಿಂದಿನ ಒಂದು ಜಾಗದಲ್ಲಿ ಕೆಲವರಿಗೆ ಜಿ ಇರುತ್ತದೆ, ಕೆಲವರಿಗೆ ಎ. ಐಎಲ್-6ರಲ್ಲಿ ಹಾಗೇ 174 ಅಕ್ಷರ ಹಿಂದಿನ ಜಾಗದಲ್ಲಿ ಜಿ ಅಥವಾ ಸಿ. ಈ ಅಕ್ಷರದ ಮೇಲೆ ಆ ಪ್ರೋಟೀನ್ ಎಷ್ಟು ತಯಾರಾಗುತ್ತದೆ ಎಂಬುದು ಸ್ವಲ್ಪ ಬದಲಾಗಬಹುದು. ಹಾಗಿದ್ದರೆ ಯಾರು ಸೊರಗುತ್ತಾರೆ ಅಂತ ಮೊದಲೇ ಹೇಳಬಹುದಲ್ಲ ಎಂಬ ಆಸೆಯಿಂದ ಬಹಳ ಅಧ್ಯಯನ ನಡೆದಿವೆ. ಒಂದರಲ್ಲಿ ನಂಟು ಕಂಡರೆ ಇನ್ನೊಂದರಲ್ಲಿ ಕಾಣುವುದಿಲ್ಲ. ಹೆಚ್ಚಿನವು ಚಿಕ್ಕ ಅಧ್ಯಯನಗಳು, ಒಂದೇ ಊರಿನ ರೋಗಿಗಳು. ಐಎಲ್-6ರ ಆ ಸಿ ಅಕ್ಷರ ಯುರೋಪಿನಲ್ಲಿ ಸಾಮಾನ್ಯ, ಚೀನಾ ಜಪಾನಿನಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ಅಲ್ಲಿನ ಫಲಿತಾಂಶ ಇಲ್ಲಿಗೆ ತಂದು ಅಂಟಿಸಲು ಆಗುವುದಿಲ್ಲ.

ರಕ್ತದ ಕ್ಯಾನ್ಸರಿನಲ್ಲಿ ಇದಕ್ಕಿಂತ ದೊಡ್ಡ ತೊಡಕು ಒಂದಿದೆ. ಇದನ್ನು ವಿದ್ಯಾರ್ಥಿಗಳು ಗಮನ ಇಟ್ಟು ಕೇಳಿ. ಶ್ವಾಸಕೋಶದ ಕ್ಯಾನ್ಸರ್ ಇದ್ದವರ ರಕ್ತ ತೆಗೆದು ಜೀನ್ ಓದಿದರೆ ಸಿಗುವುದು ಅವರು ಹುಟ್ಟಿನಿಂದ ತಂದ ಜೀನ್. ಲ್ಯುಕೇಮಿಯಾದಲ್ಲಿ ರಕ್ತವೇ ಕ್ಯಾನ್ಸರ್. ಟ್ಯೂಬಿಗೆ ಬಂದ ಬಿಳಿ ಕಣಗಳಲ್ಲಿ ನೂರಕ್ಕೆ ತೊಂಬತ್ತು ಕ್ಯಾನ್ಸರಿನದ್ದೇ ಇರಬಹುದು. ಐಎಲ್-6 ಜೀನ್ ಇರುವುದು 7ನೇ ಕ್ರೋಮೋಸೋಮಿನ ಮೇಲೆ. ಎಎಂಎಲ್ ಎಂಬ ಲ್ಯುಕೇಮಿಯಾದ ಕೆಲವು ರೋಗಿಗಳಲ್ಲಿ ಕ್ಯಾನ್ಸರ್ ಕೋಶ ಒಂದು 7ನೇ ಕ್ರೋಮೋಸೋಮನ್ನೇ ಪೂರ್ತಿ ಕಳೆದುಕೊಂಡಿರುತ್ತದೆ. ಅಪ್ಪನಿಂದ ಜಿ, ಅಮ್ಮನಿಂದ ಸಿ ಪಡೆದವರ ರಕ್ತದಲ್ಲಿ ಆಗ ಯಾವುದೋ ಒಂದೇ ಅಕ್ಷರ ಕಾಣುತ್ತದೆ. ಯಂತ್ರ ಸರಿಯಾಗೇ ಓದಿರುತ್ತದೆ, ಉತ್ತರ ಮಾತ್ರ ತಪ್ಪು. ಅದಕ್ಕೇ ಹುಟ್ಟಿನ ಜೀನ್ ಬೇಕಿದ್ದರೆ ಚರ್ಮದ ಚೂರು ತೆಗೆದು ಆ ಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸಿ ಓದುವುದು ಒಳ್ಳೆಯ ದಾರಿ. ಕೆನ್ನೆಯ ಒಳಗಿಂದ ಹತ್ತಿಕಡ್ಡಿಯಲ್ಲಿ ತೆಗೆದರೂ ಬಿಳಿ ರಕ್ತಕಣ ಬೆರೆತಿರುತ್ತವೆ.

ಬೋನ್ ಮ್ಯಾರೋ ಕಸಿ ಆದವರಲ್ಲಿ ಇನ್ನೂ ಮಜಾ. ತಂಗಿಯ ಮ್ಯಾರೋ ಅಣ್ಣನಿಗೆ ಕೂತಿದೆ ಅನ್ನಿ. ಈಗ ಅಣ್ಣನ ರಕ್ತದಲ್ಲಿರುವುದು ತಂಗಿಯ ಜೀನ್. ಟಿಎನ್‌ಎಫ್ ತಯಾರಿಸುವ ಕಣಗಳು ತಂಗಿಯವು. ಸಿಆರ್‌ಪಿ ತಯಾರಿಸುವ ಲಿವರ್ ಅಣ್ಣನದು. ಕರಗುವ ಸ್ನಾಯು ಅಣ್ಣನದು, ಹಸಿವು ಕೊಲ್ಲುವ ಮಿದುಳೂ ಅಣ್ಣನದೇ. ಹಾಗಿದ್ದರೆ ಯಾರ ಜೀನ್ ನೋಡಿ ಇವನು ಸೊರಗುತ್ತಾನೆ ಅಂತ ಹೇಳುವುದು? ಇಬ್ಬರದ್ದೂ ನೋಡಬೇಕು. ಕಸಿ ಆದವರನ್ನೂ ಆಗದವರನ್ನೂ ಒಂದೇ ರಾಶಿಗೆ ಹಾಕಿದ ಅಧ್ಯಯನ ಓದಿದರೆ ನಾನು ಅಲ್ಲಿಗೇ ಪುಟ ಮಡಚುತ್ತೇನೆ.

ಜೀನ್ ಪರೀಕ್ಷೆಯೇ ದಂಡ ಅಂತ ನಾನು ಹೇಳುತ್ತಿಲ್ಲ. ಎನ್‌ಯುಡಿಟಿ-15 ಅಂತ ಒಂದು ಜೀನ್ ಇದೆ. ಅದರ ಒಂದು ಬದಲಾದ ರೂಪ ನಮ್ಮಲ್ಲೂ ಪೂರ್ವ ಏಷ್ಯಾದಲ್ಲೂ ಯುರೋಪಿಗಿಂತ ಜಾಸ್ತಿ. ಅದು ಇದ್ದ ಮಗುವಿಗೆ ಲ್ಯುಕೇಮಿಯಾದ 6-ಎಂಪಿ ಮಾತ್ರೆ ಮಾಮೂಲಿ ಡೋಸಿನಲ್ಲಿ ಕೊಟ್ಟರೆ ರಕ್ತಕಣ ಪಾತಾಳಕ್ಕೆ ಇಳಿಯುತ್ತದೆ. ಪರೀಕ್ಷೆ ಮಾಡಿಸಿದರೆ ಡೋಸ್ ಬದಲಾಗುತ್ತದೆ. ಆ ಪರೀಕ್ಷೆಗೆ ಅರ್ಥ ಇದೆ. ಟಿಎನ್‌ಎಫ್ ಅಕ್ಷರ ಎ ಅಂತ ಗೊತ್ತಾದರೆ ನಾನು ನಿಮ್ಮ ಚಿಕಿತ್ಸೆಯಲ್ಲಿ ಏನು ಬದಲಿಸಲಿ? ಸದ್ಯಕ್ಕೆ ಏನೂ ಇಲ್ಲ. ಹಾಗಾಗಿ ಸೊರಗುವಿಕೆಗೆ ಅಂತ ಜೀನ್ ಪ್ಯಾಕೇಜ್ ಯಾರಾದರೂ ಮಾರಲು ಬಂದರೆ ದುಡ್ಡು ಉಳಿಸಿಕೊಳ್ಳಿ.

ನನಗೆ ಭರವಸೆ ಇರುವುದು ಜಿಡಿಎಫ್-15 ಎಂಬ ಪ್ರೋಟೀನಿನ ಮೇಲೆ. ಮೈಗೆ ಕಷ್ಟ ಬಂದಾಗ ಕೋಶಗಳು ಇದನ್ನು ಬಿಡುತ್ತವೆ. ಇದು ಮಿದುಳಿನ ಹಿಂಭಾಗದಲ್ಲಿ, ವಾಂತಿ ಬರಿಸುವ ಜಾಗದಲ್ಲಿ, ಹೋಗಿ ಕೂರುತ್ತದೆ. ಕೂರುವ ಜಾಗ ಯಾವುದು ಅಂತ 2017ರಲ್ಲಿ ಗೊತ್ತಾಯಿತು. ಗರ್ಭಿಣಿಯರ ವಿಪರೀತ ವಾಂತಿಗೂ ಇದಕ್ಕೂ ನಂಟಿದೆ ಅಂತ ಈಚೆಗೆ ತಿಳಿದಿದೆ. 2024ರಲ್ಲಿ ಪೊನ್ಸೆಗ್ರೊಮ್ಯಾಬ್ ಎಂಬ ಔಷಧದಿಂದ ಇದನ್ನು ತಡೆದು ನೋಡಿದರು. ದೊಡ್ಡ ಡೋಸ್ ಪಡೆದವರು 12 ವಾರದಲ್ಲಿ, ಬರೀ ನೀರಿನಂಥ ಇಂಜೆಕ್ಷನ್ ಪಡೆದವರಿಗಿಂತ ಸುಮಾರು 2.8 ಕಿಲೋ ಮುಂದಿದ್ದರು. ಆದರೆ ಅವರೆಲ್ಲ ಶ್ವಾಸಕೋಶ, ಮೇದೋಜೀರಕ ಮತ್ತು ದೊಡ್ಡ ಕರುಳಿನ ಕ್ಯಾನ್ಸರಿನವರು. ರಕ್ತದ ಕ್ಯಾನ್ಸರಿನವರು ಆ ಗುಂಪಿನಲ್ಲಿ ಇರಲಿಲ್ಲ.

ಹಾಗಿದ್ದರೆ ಪೋಷಣೆ ಅಳೆಯುವುದು ಹೇಗೆ? ತೂಕ, ತೋಳಿನ ಸುತ್ತಳತೆ, ಊಟ ಎಷ್ಟು ಹೋಗುತ್ತಿದೆ ಎಂಬ ಪ್ರಶ್ನೆ. ಆರು ತಿಂಗಳಲ್ಲಿ ಶೇ 5ಕ್ಕಿಂತ ಜಾಸ್ತಿ ಇಳಿದರೆ, ಅಂದರೆ 60 ಕಿಲೋದವರು 57ಕ್ಕಿಂತ ಕೆಳಗೆ ಬಂದರೆ, ಅದು ಗಂಭೀರ. ಆದರೆ ತೂಕವೂ ಮೋಸ ಮಾಡುತ್ತದೆ. ಸ್ಪ್ಲೀನ್, ಅಂದರೆ ಗುಲ್ಮ, ಊದಿ ಹೊಕ್ಕುಳವರೆಗೆ ಬಂದಿದ್ದರೆ ಅದರ ಭಾರವೇ ಕಿಲೋಗಟ್ಟಲೆ. ಅದು ಹೊಟ್ಟೆಯನ್ನು ಒತ್ತುವುದರಿಂದ ಎರಡು ತುತ್ತಿಗೇ ಸಾಕು ಅನಿಸುತ್ತದೆ. ಕಾಲಿಗೆ ನೀರು ತುಂಬಿದ್ದರೂ ಯಂತ್ರ ಜಾಸ್ತಿಯೇ ತೋರಿಸುತ್ತದೆ. ಸ್ಟೀರಾಯ್ಡ್ ತೆಗೆದುಕೊಂಡ ಮಗುವಿನ ಕೆನ್ನೆ ಗುಂಡಗಾಗುತ್ತದೆ, ಅಜ್ಜಿ ತಾತ ಖುಷಿಪಡುತ್ತಾರೆ. ಅದೇ ಮಗು ನೆಲದಿಂದ ಏಳುವಾಗ ಮೊಣಕಾಲಿಗೆ ಕೈ ಊರಿ ಏಳುತ್ತಿದೆಯಾ ನೋಡಿ. ತೊಡೆಯ ಸ್ನಾಯು ಕರಗಿರುವುದು ಅಲ್ಲಿ ಗೊತ್ತಾಗುತ್ತದೆ. ಮಕ್ಕಳಲ್ಲಿ ತೋಳಿನ ಟೇಪು ತೂಕಕ್ಕಿಂತ ನಿಜ ಹೇಳುತ್ತದೆ. ಮಧ್ಯ ಅಮೆರಿಕದ ಗ್ವಾಟೆಮಾಲಾದಲ್ಲಿ ಹೀಗೆ ಅಳೆದು, ಸೊರಗಿದ ಎಎಲ್‌ಎಲ್ ಮಕ್ಕಳಿಗೆ ಮೊದಲ ಆರು ತಿಂಗಳು ಚೆನ್ನಾಗಿ ಉಣಿಸಿದರು. ಚೇತರಿಸಿಕೊಂಡ ಮಕ್ಕಳು ಮೊದಲಿಂದಲೂ ಗಟ್ಟಿಯಾಗಿದ್ದ ಮಕ್ಕಳಷ್ಟೇ ಚೆನ್ನಾಗಿ ಬದುಕಿದರು. ಉರಿಯೂತ ಇದೆ ಅಂತ ಊಟ ಬಿಡಬಾರದು ಅನ್ನುವುದಕ್ಕೆ ಇದನ್ನು ಹೇಳಿದೆ.

ಬಿಡಬಾರದು ಅಂದೆ, ಆದರೆ ನಾವು ಬಿಡಿಸುವುದೇ ಜಾಸ್ತಿ. ಸಕ್ಕರೆ ಬೇಡ, ಹಾಲು ಬೇಡ, ಮೊಸರು ಬೇಡ, ಹಣ್ಣು ಬೇಡ, ಅನ್ನ ಬೇಡ. ಹೀಗೆ ಒಂದೊಂದೇ ತೆಗೆದರೆ ಉಳಿಯುವುದು ಗಂಜಿ. ಹಸಿ ಹಣ್ಣು ತರಕಾರಿ ಪೂರ್ತಿ ನಿಲ್ಲಿಸಿದರೆ ಸೋಂಕು ಕಡಿಮೆಯಾಗುತ್ತದಾ ಅಂತ ಎಎಂಎಲ್ ರೋಗಿಗಳಲ್ಲಿ 2008ರಲ್ಲೇ ಹೋಲಿಸಿ ನೋಡಿದ್ದಾರೆ. ಬೇಯಿಸಿದ್ದು ಮಾತ್ರ ತಿಂದವರಿಗೂ ಹಸಿ ತಿಂದವರಿಗೂ ವ್ಯತ್ಯಾಸ ಕಾಣಲಿಲ್ಲ. ಆಮೇಲಿನ ಅಧ್ಯಯನಗಳೂ ಬಹುತೇಕ ಅದನ್ನೇ ಹೇಳಿವೆ. ಚೆನ್ನಾಗಿ ತೊಳೆದು, ಸಿಪ್ಪೆ ತೆಗೆದು, ಆಗಲೇ ಹೆಚ್ಚಿ ಕೊಡಿ. ರಸ್ತೆ ಬದಿಯಲ್ಲಿ ಹೆಚ್ಚಿಟ್ಟದ್ದು ಮಾತ್ರ ಬೇಡ. ನಿಮ್ಮ ಆಸ್ಪತ್ರೆಯ ನಿಯಮ ಬೇರೆ ಇದ್ದರೆ ಅವರನ್ನು ಕೇಳಿ. ದಿನಕ್ಕೆ ಕಿಲೋ ತೂಕಕ್ಕೆ ಒಂದು ಗ್ರಾಂಗಿಂತ ಜಾಸ್ತಿ, ಆದರೆ ಒಂದೂವರೆ ಗ್ರಾಂವರೆಗೆ ಪ್ರೋಟೀನ್ ಬೇಕು ಅನ್ನುತ್ತವೆ ಯುರೋಪಿನ ಮಾರ್ಗಸೂಚಿಗಳು. 60 ಕಿಲೋದವರಿಗೆ 60ರಿಂದ 90 ಗ್ರಾಂ. ಮೊಟ್ಟೆ ಒಂದರಲ್ಲಿ 6 ಗ್ರಾಂ ಅಷ್ಟೇ. ತೊಗರಿಬೇಳೆ ನೂರು ಗ್ರಾಂ ತೂಗಿದರೆ 22 ಗ್ರಾಂ ಆಸುಪಾಸು. ಆದರೆ ನಮ್ಮ ತಿಳಿಸಾರಿನಲ್ಲಿ ಬೇಳೆ ಎಷ್ಟಿರುತ್ತದೆ ಅಂತ ನಿಮಗೇ ಗೊತ್ತು. ಗಟ್ಟಿ ತೊವ್ವೆ ಮಾಡಿ.

ಕೊನೆಗೆ ಮುಂದಿನ ಸಾಲಿನ ಒಬ್ಬ ತಾಯಿ ಕೇಳಿದ ಪ್ರಶ್ನೆ. ಅವರ ಯಜಮಾನರಿಗೆ ಮೈಲೋಮಾ, ವಾರಕ್ಕೊಮ್ಮೆ ಡೆಕ್ಸಾ ಎಂಬ ಸ್ಟೀರಾಯ್ಡ್ ಮಾತ್ರೆ. "ಡೆಕ್ಸಾ ತಗೊಂಡ ದಿನ ರಾತ್ರಿ ಹನ್ನೊಂದಕ್ಕೂ ಏನಾದ್ರೂ ಕೊಡು ಅಂತಾರೆ. ಮೂರನೇ ದಿನಕ್ಕೆ ತಟ್ಟೆ ತಳ್ಳಿಬಿಡ್ತಾರೆ. ತೂಕ ಒಂದ್ಸಲ ಏರಿರುತ್ತೆ, ಒಂದ್ಸಲ ಇಳಿದಿರುತ್ತೆ. ಯಾವುದನ್ನ ನಂಬಲಿ ಡಾಕ್ಟ್ರೇ?" ಅಮ್ಮಾ, ಡೆಕ್ಸಾದಿಂದ ಮೈಯಲ್ಲಿ ನೀರು ನಿಲ್ಲುತ್ತದೆ, ಆ ಎರಡು ಮೂರು ದಿನದ ತೂಕ ಲೆಕ್ಕಕ್ಕೆ ಬೇಡ. ಪ್ರತಿ ವಾರ ಮಾತ್ರೆ ನುಂಗುವ ದಿನ ಬೆಳಿಗ್ಗೆ, ನುಂಗುವ ಮೊದಲು, ಶೌಚ ಆದ ಮೇಲೆ, ಅದೇ ತೂಕದ ಯಂತ್ರದಲ್ಲಿ ನಿಲ್ಲಿಸಿ. ಕ್ಯಾಲೆಂಡರಿನಲ್ಲೇ ಬರೆದಿಡಿ. ಹಸಿವು ಇರುವ ಎರಡು ದಿನ ಬಿಸ್ಕತ್ತು, ಖಾರದ ತಿಂಡಿ ಇವುಗಳ ಬದಲು ತೊವ್ವೆ, ಮೊಟ್ಟೆ, ಮೊಸರು, ಕಡಲೆ ಕೊಡಿ, ಅವತ್ತು ಸ್ವಲ್ಪ ನಡೆಸಿ. ಶುಗರ್ ಇದ್ದರೆ ಆ ದಿನಗಳಲ್ಲಿ ಜಾಸ್ತಿಯಾಗುತ್ತದೆ, ಚೆಕ್ ಮಾಡಿಸಿ. ತಟ್ಟೆ ತಳ್ಳುವ ದಿನ ಬಲವಂತ ಬೇಡ, ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕೊಡಿ. ಮುಂದಿನ ಸಲ ಬರುವಾಗ ರಿಪೋರ್ಟಿನ ಜೊತೆ ಆ ಕ್ಯಾಲೆಂಡರಿನ ಹಾಳೆಯನ್ನೂ ತನ್ನಿ.